ತಲೆನೋವಿಗೆ ಮದ್ದು ಕೊಡದ ಧ್ಯಾನ

1955ರ ರಂಗೂನು. ಮಂಡಾಲೆಯಲ್ಲಿ ಹುಟ್ಟಿ ಬೆಳೆದ, ಮೂವತ್ತರ ಆಸುಪಾಸಿನ ಒಬ್ಬ ಮಾರವಾಡಿ ವ್ಯಾಪಾರಿಗೆ ತಡೆಯಲಾರದ ಮೈಗ್ರೇನ್. ಕೆರಳಿದಾಗ ಮಾರ್ಫಿನ್ ಚುಚ್ಚಿಸಿಕೊಳ್ಳದೆ ಗತ್ಯಂತರವಿಲ್ಲ. ಚುಚ್ಚಿಸಿಕೊಳ್ಳುತ್ತ ಹೋದರೆ ಅದೇ ಚಟವಾದೀತೆಂಬ ಭಯ ಬೇರೆ. ಸ್ನೇಹಿತರೊಬ್ಬರು ಊ ಬಾ ಖಿನ್ ಅವರಲ್ಲಿಗೆ ಹೋಗಿ ನೋಡು ಎಂದರು. ಊ ಬಾ ಖಿನ್ ಸನ್ಯಾಸಿಯಲ್ಲ. ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್, ಕಚೇರಿಯ ಲೆಕ್ಕಪತ್ರದ ನಡುವೆಯೇ ಧ್ಯಾನ ಕಲಿಸುತ್ತಿದ್ದ ಸಂಸಾರಸ್ಥ. ವ್ಯಾಪಾರಿ ತನ್ನ ತಲೆನೋವಿನ ಕತೆ ಹೇಳಿಕೊಂಡಾಗ ಸಿಕ್ಕ ಉತ್ತರ ಅನಿರೀಕ್ಷಿತವಾಗಿತ್ತು: ಬರೀ ತಲೆನೋವು ವಾಸಿಮಾಡಿಕೊಳ್ಳಲು ಬಂದಿದ್ದರೆ ಕಲಿಸುವುದಿಲ್ಲ. ಮನಸ್ಸಿನ ಕೊಳೆ ತೊಳೆದುಕೊಳ್ಳುವ ಇಷ್ಟವಿದ್ದರೆ ಬರಬಹುದು. ತಲೆನೋವು ಹೋದರೆ ಅದು ಕೊಸರು.

ಆ ವ್ಯಾಪಾರಿಯೇ ಸತ್ಯನಾರಾಯಣ ಗೋಯೆಂಕಾ. 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. 1976ರ ಹೊತ್ತಿಗೆ ಇಗತ್‌ಪುರಿಯಲ್ಲಿ ಕೇಂದ್ರ ಎದ್ದಿತು, 2012ರಲ್ಲಿ ಪದ್ಮಭೂಷಣ ಬಂತು, ಮರುವರ್ಷ ಅವರು ತೀರಿಕೊಂಡರು. ಅವರ ಹತ್ತು ದಿನದ ವಿಪಸ್ಸನ ಶಿಬಿರ ಇಂದು ಜಗತ್ತಿನ ಇನ್ನೂರಕ್ಕೂ ಹೆಚ್ಚು ಕೇಂದ್ರಗಳಲ್ಲಿ ಒಂದೇ ಅಚ್ಚಿನಲ್ಲಿ ನಡೆಯುತ್ತದೆ. ಬೆಂಗಳೂರಿನವರಿಗೆ ತುಮಕೂರು ರಸ್ತೆಯಾಚೆ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಹತ್ತಿರದ್ದು. ತಲೆನೋವಿನ ಕತೆಯನ್ನು ಗೋಯೆಂಕಾ ಮತ್ತೆ ಮತ್ತೆ ಹೇಳಿದ್ದಾರೆ. ಆದರೂ ಅಲ್ಲಿಗೆ ಚೀಲ ಹೊತ್ತು ಬರುವವರಲ್ಲಿ ಬಹುಮಂದಿಗೆ ಒಂದಲ್ಲ ಒಂದು ತಲೆನೋವು ಇದ್ದೇ ಇರುತ್ತದೆ: ನಿದ್ದೆ ಬಾರದ್ದು, ಮುಂಗೋಪ, ಮುರಿದ ಮದುವೆ, ಆಫೀಸಿನ ಒತ್ತಡ. ಔಷಧಿ ಅಂಗಡಿಯಲ್ಲ ಎಂದು ಬೋರ್ಡು ಹಾಕಿಕೊಂಡ ಮಳಿಗೆಯ ಮುಂದೆ ಚೀಟಿ ಹಿಡಿದು ನಿಂತವರ ಸಾಲು. ಈ ಶಿಬಿರದ ಗುಣದೋಷಗಳೆಲ್ಲ ಈ ಎಡವಟ್ಟಿನಿಂದಲೇ ಹುಟ್ಟುತ್ತವೆ.

ಅಲ್ಲಿ ನಡೆಯುವುದಾದರೂ ಏನು? ಬೇಸರ ಬರುವಷ್ಟು ಸರಳವಾದದ್ದು. ಮೊದಲ ಮೂರೂವರೆ ದಿನ ಉಸಿರನ್ನು ಗಮನಿಸುವುದು, ಅಷ್ಟೆ. ಇದು ಪ್ರಾಣಾಯಾಮವಲ್ಲ, ಉಸಿರನ್ನು ಎಳೆಯುವಂತಿಲ್ಲ, ಹಿಡಿಯುವಂತಿಲ್ಲ, ಎಣಿಸುವಂತಿಲ್ಲ. ಮಂತ್ರವಿಲ್ಲ, ಮೂರ್ತಿಯಿಲ್ಲ, ಭ್ರೂಮಧ್ಯದಲ್ಲಿ ಕಾಣಬೇಕಾದ ಜ್ಯೋತಿಯೂ ಇಲ್ಲ. ಮೂಗಿನ ಹೊಳ್ಳೆಯ ಕೆಳಗೆ, ಮೇಲ್ದುಟಿಯ ಮೇಲೆ ಇರುವ ಬೆರಳಗಲದ ಜಾಗದಲ್ಲಿ ಉಸಿರು ತಾಗುವುದು ಗೊತ್ತಾಗಬೇಕು. ಮನಸ್ಸು ಎಲ್ಲಿಗೋ ಹೋಗಿಬಿಟ್ಟಿದ್ದರೆ ಬೈದುಕೊಳ್ಳದೆ ಮತ್ತೆ ಅಲ್ಲಿಗೇ ತರಬೇಕು. ನಾಲ್ಕನೆಯ ದಿನ ಮಧ್ಯಾಹ್ನ ಕೆಲಸ ಬದಲಾಗುತ್ತದೆ. ನೆತ್ತಿಯಿಂದ ಅಂಗಾಲಿನವರೆಗೆ ಗಮನವನ್ನು ತುಣುಕು ತುಣುಕಾಗಿ ಇಳಿಸುತ್ತ, ಎಲ್ಲಿ ಬಿಸಿ, ಎಲ್ಲಿ ತುರಿಕೆ, ಎಲ್ಲಿ ಮಿಡಿತ ಎಂದು ನೋಡುತ್ತ ಹೋಗುವುದು. ಹಿತವಾದದ್ದಕ್ಕೆ ಅಂಟಿಕೊಳ್ಳಬಾರದು, ನೋವಾದದ್ದನ್ನು ದೂಡಬಾರದು.

ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದು ಎಂದುಕೊಂಡು ಬಂದವರಿಗೆ ಮೊದಲ ದಿನವೇ ಭ್ರಮನಿರಸನ. ಖಾಲಿಯಾಗುವ ಮಾತಿರಲಿ, ಇಷ್ಟು ಗದ್ದಲ ಒಳಗಿತ್ತೆಂದು ತಿಳಿಯುವುದೇ ಆಗ. ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಹಾರ್ವರ್ಡಿನ ಮನಶ್ಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಲೆಕ್ಕ ಒದಗಿಸಿತು. 2,250 ಮಂದಿಯ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಹೋಗುತ್ತಿತ್ತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅಲ್ಲೇ ಇದೆಯೆ, ಹೇಗನ್ನಿಸುತ್ತಿದೆ? ಸುಮಾರು 47 ಶೇಕಡಾ ಸಲ ಮನಸ್ಸು ಮಾಡುವ ಕೆಲಸದಲ್ಲಿರಲಿಲ್ಲ. ಹಾಗೆ ಅಲೆಯುತ್ತಿದ್ದಾಗ ಜನ ಹೆಚ್ಚು ಸಂತೋಷವಾಗಿಯೂ ಇರಲಿಲ್ಲ. ಉಸಿರಿನ ಮೂರೂವರೆ ದಿನ ಕಲಿಸುವುದು ಈ ಅಲೆತವನ್ನು ನಿಲ್ಲಿಸುವುದನ್ನಲ್ಲ, ಅಲೆದದ್ದನ್ನು ಬೇಗ ಪತ್ತೆಹಚ್ಚುವುದನ್ನು.

ನಾಲ್ಕನೆಯ ದಿನದ ನಂತರ ದಿನಕ್ಕೆ ಮೂರು ಬಾರಿ, ಒಂದೊಂದು ಗಂಟೆ, ಕಣ್ಣು ತೆರೆಯದೆ, ಕೈಕಾಲು ಕದಲಿಸದೆ ಕೂರಬೇಕು. ಶಿಬಿರದ ತಿರುಳು ಇರುವುದು ಇಲ್ಲಿಯೇ. ಚಕ್ಕಳಮಕ್ಕಳ ಹಾಕಿ ಕೂತವರಿಗೆ ಮೊದಲು ಪಾದ ಜೋಮು ಹಿಡಿಯುತ್ತದೆ. ಆಮೇಲೆ ಮಂಡಿಯೊಳಗೆ ಕೆಂಡ ಇಟ್ಟಂತಾಗುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ತೇಗುತ್ತಾರೆ, ಮುಂದೆ ಯಾರೋ ಕೆಮ್ಮುತ್ತಾರೆ. ಮನಸ್ಸು ಸುಮ್ಮನಿರುತ್ತದೆಯೆ? ಮಂಡಿಯ ಸವಕಲು ಇರಬೇಕು, ಎಕ್ಸ್‌ರೇ ತೆಗೆಸಬೇಕು, ಆಪರೇಷನ್ನಿಗೆ ಎಷ್ಟಾಗುತ್ತದೋ, ರಜೆಯೆಲ್ಲ ಇಲ್ಲೇ ಮುಗಿಯಿತು, ಹೋಗು ಹೋಗು ಎಂದು ತಳ್ಳಿದ ಭಾವಮೈದುನನನ್ನು ಊರಿಗೆ ಹೋದ ಮೇಲೆ ನೋಡಿಕೊಳ್ಳಬೇಕು. ಗಂಟೆ ಮುಗಿದು ಕಾಲು ಚಾಚಿದರೆ ಎರಡೇ ನಿಮಿಷದಲ್ಲಿ ಮಂಡಿ ಸರಿ. ಎಕ್ಸ್‌ರೇ, ಆಪರೇಷನ್, ಭಾವಮೈದುನ ಎಲ್ಲರೂ ಮಾಯ. ನೋವು ಒಂದು, ಅದರ ಮೇಲೆ ಕಟ್ಟಿಕೊಂಡ ಕತೆ ಇನ್ನೊಂದು ಎಂಬುದು ಯಾವ ಉಪನ್ಯಾಸದಿಂದಲೂ ಹೀಗೆ ಮೈಗೆ ಹತ್ತುವುದಿಲ್ಲ.

ಪ್ರಯೋಗಾಲಯದಲ್ಲೂ ಇದಕ್ಕೆ ಹತ್ತಿರದ್ದು ಕಂಡಿದೆ. ಫಾದೆಲ್ ಝೈದಾನ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 15 ಆರೋಗ್ಯವಂತರಿಗೆ ನಾಲ್ಕು ದಿನ, ದಿನಕ್ಕೆ 20 ನಿಮಿಷ ಉಸಿರಿನ ಧ್ಯಾನ ಕಲಿಸಲಾಯಿತು. ಆಮೇಲೆ ಕಾಲಿಗೆ ಬಿಸಿ ತಾಗಿಸಿದಾಗ ನೋವಿನ ತೀವ್ರತೆ 40 ಶೇಕಡಾ ತಗ್ಗಿದ್ದಾಗಿ ಅವರು ಹೇಳಿದರು. ಅದರ ಕಿರಿಕಿರಿ ಇನ್ನೂ ಹೆಚ್ಚು, 57 ಶೇಕಡಾ ತಗ್ಗಿತ್ತು. ಪ್ರಯೋಗ ಸಣ್ಣದು, ಅದರ ಮೇಲೆ ಬಂಗಲೆ ಕಟ್ಟುವ ಹಾಗಿಲ್ಲ. ಆದರೂ ನೋವಿಗಿಂತ ನೋವಿನ ಕಿರಿಕಿರಿ ಹೆಚ್ಚು ಇಳಿಯಿತೆಂಬುದು ಮಂಡಿಯ ಅನುಭವಕ್ಕೆ ಹೊಂದುವ ಮಾತು. ಮನೆಗೆ ಮರಳಿದ ಮೇಲೆ ಇದರ ಉಪಯೋಗ ಮಂಡಿಗಲ್ಲ, ನಾಲಿಗೆಗೆ. ಮಗ ಎದುರುತ್ತರ ಕೊಟ್ಟಾಗ ಕಿವಿ ಬಿಸಿಯಾಗುವುದು, ಎದೆ ಬಿಗಿಯುವುದು ಮೊದಲು ತಿಳಿದರೆ, ಬಾಯಿಗೆ ಬಂದ ಮಾತು ಅರೆಕ್ಷಣ ತಡವಾಗಬಹುದು. ಧ್ಯಾನದಿಂದ ಮನಸ್ಸಿಗೆ ಏನು ಲಾಭ ಎಂಬ ಪ್ರಶ್ನೆಗೆ ಶಿಬಿರ ಕೊಡುವ ಪ್ರಾಮಾಣಿಕ ಉತ್ತರ ಆ ಅರೆಕ್ಷಣ. ಅದು ಸಣ್ಣದೇನಲ್ಲ; ಎಷ್ಟೋ ಮನೆಗಳ ಜಗಳ ಹುಟ್ಟುವುದೇ ಆ ಅರೆಕ್ಷಣ ಸಿಗದೆ.

ಶಿಬಿರದ ವ್ಯವಸ್ಥೆಯನ್ನಂತೂ ಹೊಗಳದೆ ಇರಲಾಗದು. ಬೆಳಗಿನ ನಾಲ್ಕಕ್ಕೆ ಗಂಟೆ, ರಾತ್ರಿ ಒಂಬತ್ತೂವರೆಗೆ ದೀಪ ಆರಿಕೆ, ನಡುವೆ ಸುಮಾರು ಹತ್ತು ಗಂಟೆ ಧ್ಯಾನ. ಹನ್ನೊಂದಕ್ಕೆ ಊಟವಾದರೆ ಸಂಜೆ ಐದಕ್ಕೆ ಹೊಸಬರಿಗೆ ಚಹಾ, ಹಣ್ಣು, ಒಂದಿಷ್ಟು ಮಂಡಕ್ಕಿ. ಹಳಬರಿಗೆ ನಿಂಬೆ ನೀರು ಮಾತ್ರ. ಮಾತಿಲ್ಲ, ಸನ್ನೆಯಿಲ್ಲ, ಫೋನಿಲ್ಲ, ಓದುಬರಹವಿಲ್ಲ. ಗಂಡಸರು, ಹೆಂಗಸರು ಬೇರೆ ಬೇರೆ. ಕೊನೆಗೆ ಬಿಲ್ಲೂ ಇಲ್ಲ. ಹತ್ತು ದಿನ ಪೂರೈಸಿದವರಿಂದ ಮಾತ್ರ, ಅವರು ಇಷ್ಟಪಟ್ಟಷ್ಟು ದಾನ. ಅಡುಗೆ ಮಾಡುವವರು, ಬಡಿಸುವವರು ಹಿಂದೆ ಶಿಬಿರ ಮುಗಿಸಿದ ಸೇವಕರು. ಮನಶ್ಶಾಂತಿಯನ್ನು ತಿಂಗಳ ಚಂದಾ ಲೆಕ್ಕದಲ್ಲಿ ಮಾರುವ ಆ್ಯಪ್‌ಗಳ ಕಾಲದಲ್ಲಿ ಹೀಗೆ ದುಡ್ಡಿನ ಮಾತೆತ್ತದೆ ಅರ್ಧ ಶತಮಾನ ನಡೆದು ಬಂದದ್ದು ದೊಡ್ಡ ವಿಷಯ. ದಾನ ಕೊಟ್ಟವರ ಹೆಸರಿನ ಅಮೃತಶಿಲೆಯ ಫಲಕ ನೋಡಿ ಅಭ್ಯಾಸವಾದ ನಮ್ಮವರ ಕಣ್ಣಿಗೆ ಇದು ವಿಚಿತ್ರವಾಗಿ ಕಂಡರೂ ಆಶ್ಚರ್ಯವಿಲ್ಲ.

ಹೊಗಳಿಕೆ ಇಷ್ಟಕ್ಕೆ ನಿಂತು, ಗೋಯೆಂಕಾ ಅವರ ಧ್ವನಿಮುದ್ರಿತ ಸಂಜೆ ಪ್ರವಚನದ ಕಡೆಗೆ ಬಂದರೆ ತಕರಾರು ಶುರುವಾಗುತ್ತದೆ. ಗೋಯೆಂಕಾ ಸೊಗಸಾದ ಮಾತುಗಾರ. ಕತೆ, ನಗೆಚಾಟಿಕೆ, ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವ ಧಾಟಿ. ದಿನವಿಡೀ ಮೌನದಲ್ಲಿ ಬೆಂದವರಿಗೆ ಆ ಒಂದು ಗಂಟೆ ಹಬ್ಬ. ಆ ಖುಷಿಯಲ್ಲೇ ಕೆಲವು ದೊಡ್ಡ ಹೇಳಿಕೆಗಳು ಪ್ರಶ್ನೆಯಿಲ್ಲದೆ ಗಂಟಲಿಗೆ ಇಳಿದುಬಿಡುತ್ತವೆ. ಈ ವಿಧಾನ ಬುದ್ಧ ಕಲಿಸಿದ್ದೇ, ಭಾರತದಲ್ಲಿ ಕಳೆದುಹೋಗಿ ಬರ್ಮಾದಲ್ಲಿ ಗುರುಪರಂಪರೆಯಾಗಿ ಕೆಡದೆ ಉಳಿಯಿತು, ಇದು ಧರ್ಮವಲ್ಲ, ಶುದ್ಧ ವಿಜ್ಞಾನ ಎಂಬವು ಅವು.

ಚರಿತ್ರೆ ಅಷ್ಟು ನೇರವಾಗಿಲ್ಲ. ಸಂಸಾರಸ್ಥರು ಗುಂಪುಗುಂಪಾಗಿ ಕೂತು ವಿಪಸ್ಸನ ಮಾಡುವ ರೂಢಿ ಬರ್ಮಾದಲ್ಲೇ ಹೊಸದು. 1885ರ ಯುದ್ಧದಲ್ಲಿ ಬ್ರಿಟಿಷರು ರಾಜನನ್ನು ಇಳಿಸಿ ದೇಶ ನುಂಗಿದಾಗ, ಬೌದ್ಧ ಧರ್ಮವನ್ನು ಕಾಯಲು ಅರಸ ಇಲ್ಲವಾದ. ಆ ಹೊಣೆಯನ್ನು ಜನಸಾಮಾನ್ಯರ ಹೆಗಲಿಗೆ ಹಾಕಿದವರಲ್ಲಿ ಲೇಡಿ ಸಯಾಡೊ (1846–1923) ಎಂಬ ಪಂಡಿತ ಭಿಕ್ಷು ಮುಖ್ಯರು. ಬೌದ್ಧ ತತ್ತ್ವಶಾಸ್ತ್ರವಾದ ಅಭಿಧರ್ಮದ ಪಾಠವನ್ನೂ ಧ್ಯಾನವನ್ನೂ ಅವರು ವಿಹಾರದಿಂದ ಊರಿಗೆ ತಂದರು. ಅಮೆರಿಕದ ವಿದ್ವಾಂಸ ಎರಿಕ್ ಬ್ರಾನ್ 2013ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ಲೇಡಿ ಸಯಾಡೊ ಅವರ ಶಿಷ್ಯ ಸಯಾ ಥೆಟ್‌ಜಿ ಎಂಬ ರೈತ, ಅವರ ಶಿಷ್ಯ ಊ ಬಾ ಖಿನ್, ಆಮೇಲೆ ಗೋಯೆಂಕಾ. ಅದೇ ಬರ್ಮಾದಲ್ಲಿ ಮಹಾಸಿ ಸಯಾಡೊ (1904–1982) ಹೊಟ್ಟೆಯ ಏರಿಳಿತ ಗಮನಿಸುವ ಇನ್ನೊಂದು ದಾರಿ ಹಾಕಿಕೊಟ್ಟರು. ಅದೂ ವಿಪಸ್ಸನವೇ, ಅದಕ್ಕೂ ಸತಿಪಟ್ಠಾನ ಸುತ್ತವೆಂಬ ಬುದ್ಧನ ಉಪದೇಶವೇ ಆಧಾರ. ಹಾಗಿರುವಾಗ ಕೆಡದೆ ಉಳಿದದ್ದು ಯಾವುದು? ವಸಾಹತು ಕಾಲದ ಅಪಮಾನದಿಂದ ಎದ್ದು, ಊರಿನ ರೈತನ ಕೈಗೂ ಗುಮಾಸ್ತನ ಕೈಗೂ ಬಂದ ಸಾಧನೆ ಎಂದರೆ ವಿಪಸ್ಸನದ ಬೆಲೆ ಕಡಿಮೆಯಾಗುವುದಿಲ್ಲ. ಎರಡೂವರೆ ಸಾವಿರ ವರ್ಷದ ಮುದ್ರೆ ಒತ್ತಿಸಿಕೊಳ್ಳುವ ಆಸೆ ಏಕೋ.

ವಿಜ್ಞಾನವೆಂಬ ಮಾತಿಗೂ ಇದೇ ತಕರಾರು. ವಿಜ್ಞಾನವಾದರೆ ತಪ್ಪೆಂದು ತೋರಿಸಲು ಅವಕಾಶವಿರಬೇಕು. ಶಿಬಿರದಲ್ಲಿ ಸಂವೇದನೆ ತಿಳಿದರೂ ಪ್ರಗತಿ, ತಿಳಿಯದಿದ್ದರೂ ಪ್ರಗತಿ. ಅಳು ಬಂದರೂ ಹಳೆಯ ಸಂಸ್ಕಾರ ಮೇಲೆ ಬರುತ್ತಿದೆ ಎಂಬ ವಿವರಣೆ. ಎಲ್ಲದಕ್ಕೂ ಉತ್ತರವಿರುವ ಸಿದ್ಧಾಂತ ಪ್ರಯೋಗಾಲಯದ್ದಲ್ಲ, ಪ್ರವಚನ ಮಂದಿರದ್ದು.

ನಿಜವಾದ ಪ್ರಯೋಗಾಲಯದ ಕತೆ ಬೇರೆಯೇ. ಜಾನ್ ಕಬಾಟ್ ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆ ಧ್ಯಾನ ತರಗತಿ ಆರಂಭಿಸಿದ ಮೇಲೆ ಸಂಶೋಧನೆಗಳ ಸುರಿಮಳೆಯಾಯಿತು. ಇದನ್ನೆಲ್ಲ ಜರಡಿ ಹಿಡಿದ ಒಂದು ವಿಶ್ಲೇಷಣೆ 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. 47 ಪ್ರಯೋಗಗಳು, 3,515 ಮಂದಿ. ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಸಣ್ಣದರಿಂದ ಮಧ್ಯಮ ಮಟ್ಟದ ಸುಧಾರಣೆಗೆ ಪುರಾವೆ ಸಿಕ್ಕಿತು. ನಿದ್ದೆ, ಏಕಾಗ್ರತೆ, ತೂಕ ಇಳಿಕೆಯ ವಿಷಯದಲ್ಲಿ ಪುರಾವೆ ಸಾಲದು ಎಂದರು. ಔಷಧಿಗಿಂತಲೋ ವ್ಯಾಯಾಮಕ್ಕಿಂತಲೋ ಧ್ಯಾನ ಮೇಲು ಎನ್ನಲೂ ಆಧಾರವಿರಲಿಲ್ಲ. ಮರುವರ್ಷ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ 424 ಮಂದಿಯನ್ನು ಎರಡು ವರ್ಷ ಹಿಂಬಾಲಿಸಲಾಯಿತು. ಮತ್ತೆ ಮತ್ತೆ ಖಿನ್ನತೆಗೆ ಬೀಳುತ್ತಿದ್ದವರು ಅವರು. ಮಾತ್ರೆ ಮುಂದುವರಿಸಿದವರಲ್ಲಿ 47 ಶೇಕಡಾ ಮಂದಿಗೂ, ಧ್ಯಾನ ಆಧಾರಿತ ಚಿಕಿತ್ಸೆ ಪಡೆದು ಮಾತ್ರೆ ಇಳಿಸಿದವರಲ್ಲಿ 44 ಶೇಕಡಾ ಮಂದಿಗೂ ಕಾಯಿಲೆ ಮರುಕಳಿಸಿತು. ಅಂದರೆ ಮಾತ್ರೆಗೆ ಸರಿಸಾಟಿ ಎನ್ನಬಹುದಾದ ಒಂದು ಆಯ್ಕೆ, ಸಂಜೀವಿನಿಯಲ್ಲ.

ಎಂಟೇ ವಾರದಲ್ಲಿ ಮಿದುಳಿನ ಆಕಾರವೇ ಬದಲಾಗುತ್ತದೆ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಇಂದಿಗೂ ತಿರುಗುತ್ತಿದೆ. 2011ರಲ್ಲಿ ಹದಿನಾರು ಮಂದಿ ಧ್ಯಾನಿಗಳ ಮೇಲೆ ನಡೆದ ಅಧ್ಯಯನ ಅದರ ಮೂಲ. ಧ್ಯಾನದ ಪರವಾಗಿಯೇ ದಶಕಗಳ ಕಾಲ ಕೆಲಸ ಮಾಡಿದ ರಿಚರ್ಡ್ ಡೇವಿಡ್ಸನ್ ಅವರ ತಂಡ 2022ರಲ್ಲಿ 218 ಮಂದಿಯಲ್ಲಿ ಅದನ್ನೇ ಹುಡುಕಿತು. ಅಂಥ ಬದಲಾವಣೆ ಕಾಣಲಿಲ್ಲ. ತಮ್ಮ ಪ್ರೀತಿಯ ಊಹೆ ಬಿದ್ದುಹೋದದ್ದನ್ನು ತಾವೇ ಪ್ರಕಟಿಸಿದರಲ್ಲ, ವಿಜ್ಞಾನವೆಂಬ ಮಾತು ಸಲ್ಲುವುದು ಅದಕ್ಕೆ. ಅದೇ ವರ್ಷ ಬ್ರಿಟನ್ನಿನ ಶಾಲೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶವೂ ಬಂತು. ತರಗತಿಯಲ್ಲಿ ಕಲಿಸಿದ ಧ್ಯಾನದಿಂದ ಮಕ್ಕಳ ಮಾನಸಿಕ ಆರೋಗ್ಯದಲ್ಲಿ, ಎಂದಿನ ಪಾಠದಲ್ಲಿದ್ದ ಮಕ್ಕಳಿಗೆ ಹೋಲಿಸಿದರೆ, ಸುಧಾರಣೆ ಆಗಿರಲಿಲ್ಲ. ಎಲ್ಲ ಶಾಲೆಗಳಲ್ಲೂ ಧ್ಯಾನ ಕಡ್ಡಾಯ ಮಾಡಬೇಕೆಂದು ಭಾಷಣ ಮಾಡುವವರು ಇದನ್ನೊಮ್ಮೆ ಓದಬೇಕು.

ಇವೆಲ್ಲ ವಾರಕ್ಕೊಮ್ಮೆ ಸೇರುವ ತರಗತಿಗಳ, ಸೌಮ್ಯ ಪ್ರಮಾಣದ ಧ್ಯಾನದ ಲೆಕ್ಕ. ಹತ್ತು ದಿನದ ಶಿಬಿರಕ್ಕೆ ಇದನ್ನು ಹಾಗೆಯೇ ಅಂಟಿಸುವಂತಿಲ್ಲ. ಶಿಬಿರದ ಪರ ಎಲ್ಲರೂ ಕೊಡುವ ಉದಾಹರಣೆ ತಿಹಾರ್ ಜೈಲಿನದು. 1994ರ ಏಪ್ರಿಲ್‌ನಲ್ಲಿ ಕಿರಣ್ ಬೇಡಿ ಅಲ್ಲಿ ಐಜಿಯಾಗಿದ್ದಾಗ ಸಾವಿರಕ್ಕೂ ಹೆಚ್ಚು ಕೈದಿಗಳು ಒಂದೇ ಶಾಮಿಯಾನದ ಕೆಳಗೆ ಗೋಯೆಂಕಾ ಎದುರು ಕೂತರು. 1997ರಲ್ಲಿ ಇಬ್ಬರು ಇಸ್ರೇಲಿ ನಿರ್ದೇಶಕಿಯರು ಅದನ್ನು ಸಾಕ್ಷ್ಯಚಿತ್ರ ಮಾಡಿದರು. ಕೊನೆಯ ದಿನ ಕೈದಿಗಳು ಕಾವಲುಗಾರರನ್ನು ತಬ್ಬಿ ಅಳುವುದನ್ನು ನೋಡಿದರೆ ಎಂಥವರ ಮನಸ್ಸೂ ಕರಗುತ್ತದೆ. ಕರಗಿದ ಮೇಲೂ ಕೇಳಬೇಕಾದ ಪ್ರಶ್ನೆ ಇದೆ. ಅದೇ ಬೇಡಿ ಅದೇ ಜೈಲಿನಲ್ಲಿ ಸಾಕ್ಷರತೆ ತರಗತಿ ತಂದಿದ್ದರು, ದೂರು ಪೆಟ್ಟಿಗೆ ಓಡಾಡಿಸಿದ್ದರು, ಕೈದಿಗಳನ್ನು ಮನುಷ್ಯರೆಂದು ಮಾತಾಡಿಸಿದ್ದರು. ಇವುಗಳಲ್ಲಿ ಯಾವುದರಿಂದ ಎಷ್ಟು ಬದಲಾಯಿತೆಂದು ಸಿನಿಮಾ ಹೇಳಲಾರದು.

ಇತ್ತ ಶಿಬಿರ ಮುಗಿಸಿ ಬಂದವರಿಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಿ ಎಂಬ ಸೂಚನೆ. ಇತಿಹಾಸಕಾರ ಯುವಾಲ್ ನೋವಾ ಹರಾರಿ 2000ದಲ್ಲಿ ಮೊದಲ ಶಿಬಿರ ಮಾಡಿದಂದಿನಿಂದ ದಿನಕ್ಕೆ ಎರಡು ಗಂಟೆ ಕೂರುತ್ತಾರಂತೆ. ಹೋಮೋ ಡೇಯಸ್ ಪುಸ್ತಕವನ್ನು ಗೋಯೆಂಕಾ ಅವರಿಗೇ ಅರ್ಪಿಸಿದ್ದಾರೆ. ಏಳೂವರೆಗೆ ಶಾಲೆಯ ವ್ಯಾನು, ಎಂಟಕ್ಕೆ ಡಬ್ಬಿ, ಸಂಜೆ ಅತ್ತೆಯ ಮಾತ್ರೆ ಎಂದು ಓಡುವ ಹೆಂಗಸಿಗೆ ಆ ಎರಡು ಗಂಟೆಯನ್ನು ಯಾರು ಕಡ ಕೊಡುತ್ತಾರೆ? ಸಂಸಾರಸ್ಥರಿಗೆಂದೇ ರೂಪಿಸಿದ ಸಾಧನೆ ಸಂಸಾರದ ಗಡಿಯಾರ ನೋಡಲು ಮರೆತಿದೆ. ಹದಿನೈದು ನಿಮಿಷದ ಅಭ್ಯಾಸ ಸೋಲಲ್ಲ ಎಂದು ಶಿಬಿರದ ಕೊನೆಯ ದಿನ ಯಾರಾದರೂ ಗಟ್ಟಿಯಾಗಿ ಹೇಳಿದರೆ ಎಷ್ಟೋ ಮಂದಿ ಪೂರ್ತಿ ಬಿಟ್ಟುಬಿಡುವುದು ತಪ್ಪೀತು.

ಇವೆಲ್ಲ ಸಣ್ಣ ಜಗಳ. ದೊಡ್ಡದು ಇನ್ನೊಂದಿದೆ.

ದಿನಕ್ಕೆ ಹತ್ತು ಗಂಟೆ, ಮಾತಿಲ್ಲದೆ, ನಿದ್ದೆ ಕಡಿಮೆಯಾಗಿ, ತನ್ನೊಳಗೇ ನೋಡಿಕೊಳ್ಳುವುದು ಎಲ್ಲ ಮನಸ್ಸುಗಳಿಗೂ ಹಿಡಿಸುವ ಪಥ್ಯವಲ್ಲ. ಬ್ರೌನ್ ವಿಶ್ವವಿದ್ಯಾಲಯದ ಜೇರೆಡ್ ಲಿಂಡಾಲ್ ಮತ್ತು ವಿಲೋಬಿ ಬ್ರಿಟನ್ ತಂಡ 2017ರಲ್ಲಿ ಅರವತ್ತು ಮಂದಿ ಪಾಶ್ಚಾತ್ಯ ಬೌದ್ಧ ಸಾಧಕರನ್ನು ಮಾತಾಡಿಸಿ, ಧ್ಯಾನದಲ್ಲಿ ಎದುರಾದ ಭಯ, ನಿದ್ರಾನಾಶ, ತಾನೇ ಇಲ್ಲವಾದಂಥ ಭಾವ, ಭ್ರಮೆಗಳನ್ನು ದಾಖಲಿಸಿತು. 2020ರ ಇನ್ನೊಂದು ಸಮೀಕ್ಷೆ 83 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು 8 ಶೇಕಡಾ ಮಂದಿಗೆ ಇಂಥ ಅನಿಷ್ಟ ಪರಿಣಾಮ ಆದದ್ದನ್ನು ಅಂದಾಜಿಸಿತು. ಬಹುಪಾಲು ಆತಂಕ, ಖಿನ್ನತೆ. 2024ರಲ್ಲಿ ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್, ಗೋಯೆಂಕಾ ಪರಂಪರೆಯ ಶಿಬಿರಗಳಿಗೆ ಹೋಗಿ ಮನಸ್ಸು ಕದಡಿಕೊಂಡವರ ಕುರಿತೇ ಪಾಡ್‌ಕಾಸ್ಟ್ ಸರಣಿ ಮಾಡಿತು.

ಕೇಂದ್ರಗಳು ಇದನ್ನು ಮುಚ್ಚಿಡುತ್ತವೆ ಎಂದರೆ ಅನ್ಯಾಯವಾದೀತು. ವಿಪಸ್ಸನ ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ, ತೀವ್ರ ಮನೋರೋಗ ಇರುವವರಿಗೆ ತಕ್ಕುದಲ್ಲ ಎಂದು ಅವರ ನಿಯಮಾವಳಿಯಲ್ಲೇ ಬರೆದಿದೆ. ಅರ್ಜಿಯಲ್ಲಿ ಮಾನಸಿಕ ಕಾಯಿಲೆ, ಔಷಧಿಗಳ ಪ್ರಶ್ನೆ ಇದೆ. ಊ ಬಾ ಖಿನ್ ಹಾಕಿದ್ದ ಷರತ್ತೇ ಈಗ ಒಂದು ಕಾಲಂ ಆಗಿದೆ. ಆದರೆ ಊ ಬಾ ಖಿನ್ ಎದುರಿಗೆ ಕೂತ ಮನುಷ್ಯನ ಮುಖ ನೋಡಿ ಮಾತಾಡಿದ್ದರು. ಇಲ್ಲಿ ಪಾಠ ಹೇಳುವುದು ಧ್ವನಿಮುದ್ರಣ. ಅದಕ್ಕೆ ಮುಖ ಕಾಣುವುದಿಲ್ಲ. ಎದುರಿಗಿರುವ ಸಹಾಯಕ ಆಚಾರ್ಯರು ನಿಷ್ಠಾವಂತ ಸ್ವಯಂಸೇವಕರು, ಅವರಲ್ಲಿ ಮನೋವೈದ್ಯರು ಅಪರೂಪ. ಆರನೆಯ ದಿನ ಒಬ್ಬ ಹುಡುಗ ಎರಡು ರಾತ್ರಿಯಿಂದ ಮಲಗಿಲ್ಲ, ಏನೇನೋ ಕೇಳಿಸುತ್ತಿದೆ ಎಂದರೆ, ಅದು ಸಂಸ್ಕಾರ ಕರಗುತ್ತಿರುವುದೋ ಕಾಯಿಲೆ ಶುರುವಾಗುತ್ತಿರುವುದೋ ಎಂದು ಗುರುತಿಸುವ ತರಬೇತಿ ಬೇಕು. ಹತ್ತು ದಿನ ಮುಗಿಸದೆ ಹೊರಡಬಾರದೆಂಬ ಒಪ್ಪಂದವೂ ಆಗ ತಿರುಗುಬಾಣವಾಗುತ್ತದೆ.

ಇದನ್ನು ಸರಿಪಡಿಸುವುದು ಕಷ್ಟವೇನಲ್ಲ, ಬೆಂಗಳೂರಿನಲ್ಲಂತೂ ಅಲ್ಲವೇ ಅಲ್ಲ. ಖಿನ್ನತೆ, ಸ್ಕಿಜೋಫ್ರೇನಿಯಾಗಳಲ್ಲಿ ಔಷಧಿಯ ಜೊತೆ ಯೋಗವನ್ನು ಬಳಸಿ ವರ್ಷಗಟ್ಟಲೆ ಸಂಶೋಧನೆ ಮಾಡಿದ ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಮೊದಲ ಸಲ ಬರುವವರನ್ನು ಅರ್ಧ ಗಂಟೆ ಎದುರು ಕೂರಿಸಿ ಮಾತಾಡಿಸುವುದು, ಸಹಾಯಕ ಆಚಾರ್ಯರಿಗೆ ಅಪಾಯದ ಚಿಹ್ನೆ ಗುರುತಿಸಲು ಕಲಿಸುವುದು, ನಡುವೆ ಮನೆಗೆ ಹೊರಟವರನ್ನು ಅಪರಾಧಿಯಂತೆ ನೋಡದಿರುವುದು, ಹಿಂದಿರುಗಿದವರಿಗೆ ಎರಡು ವಾರದ ಮೇಲೆ ಒಂದು ಫೋನ್ ಮಾಡುವುದು. ಹಣಕ್ಕೆ ಕೈ ಒಡ್ಡದ ಸಂಸ್ಥೆಗೆ ಇಷ್ಟು ಕೆಲಸಕ್ಕೆ ಸೇವಕರು ಸಿಗದೆ ಇರುವುದಿಲ್ಲ. ಅಲ್ಲಿಯವರೆಗೆ, ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು, ಇತ್ತೀಚೆಗೆ ಆಪ್ತರನ್ನು ಕಳೆದುಕೊಂಡು ಕುಸಿದಿರುವವರು ಆಲೂರಿನ ಬಸ್ಸು ಹತ್ತುವ ಮೊದಲು ತಮ್ಮ ವೈದ್ಯರ ಬಾಗಿಲು ತಟ್ಟಲಿ. ಸೀಟು ತಪ್ಪೀತೆಂದು ಅರ್ಜಿಯ ಆ ಕಾಲಂ ಖಾಲಿ ಬಿಡುವುದು ಬೇಡ. ಮಿಕ್ಕವರು, ಮಂಡಿ ಗಟ್ಟಿಯಿದ್ದರೆ, ಹತ್ತು ದಿನದ ರಜೆಗೆ ಬರೆದುಕೊಡಬಹುದು.